ಯಾರೂ ಬಾಗಿಲು ತಟ್ಟದ ವಾರ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.50

ಮತ್ತೆ ಫೋನ್. ಹಲ್ಲುಜ್ಜುತ್ತಿದ್ದೆ, ಬಾಯಿ ತುಂಬ ನೊರೆ.

"ಮಿಸ್, ಕಿಟಕಿ ತೆಗೀಲಾ?"

ತೆಗಿ ಎಂದೆ. ನೊರೆಯಲ್ಲಿ ಏನು ಕೇಳಿಸಿತೋ. ಎರಡು ನಿಮಿಷ ಬಿಟ್ಟು ಇನ್ನೊಂದು ಸಲ. "ಎರಡೂ ತೆಗೀಲಾ ಮಿಸ್, ಒಂದೇ ಸಾಕಾ?"

ಇನ್ನು ನಲವತ್ತು ದಿನಕ್ಕೆ ಇವಳಿಗೆ ಹದಿನೆಂಟು. ಏಪ್ರಿಲ್ ಹನ್ನೆರಡಕ್ಕೆ ಈ ಮಕ್ಕಳ ಮನೆಯ ಗೇಟು ದಾಟಿ ಹೊರಗೆ ಹೋಗಿ ಬದುಕಬೇಕು. ಬದುಕುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಇದೇ. ಹಿತ್ತಲಿನ ಹಳೇ ಗೋಡೌನಿನ ಮೇಲೆ ಎರಡು ಕೋಣೆ — ಒಲೆ, ಮಂಚ, ನಲ್ಲಿ, ಬಾಗಿಲಿಗೆ ಬೀಗ. ಟ್ರಯಲ್ ಮನೆ ಅಂತ ಕರೆಯುತ್ತೇವೆ. ಹೊರಡುವವರೆಲ್ಲ ಆರು ವಾರ ಅಲ್ಲಿ ಒಬ್ಬರೇ ಇರಬೇಕು. ನನ್ನ ಚೀಲದಲ್ಲಿ ನಲವತ್ತೆಂಟು ಅಂಶಗಳ ಪಟ್ಟಿ. ಅನ್ನ ಮಾಡುವುದರಿಂದ ಹಿಡಿದು ಅಪರಿಚಿತರಿಗೆ 'ಬೇಡ' ಅನ್ನುವವರೆಗೆ.

ಇವಳು ಹೋಗಿ ಒಂದು ವಾರ. ಮೂವತ್ತನಾಲ್ಕಕ್ಕೆ ಟಿಕ್ ಬಿದ್ದಿದೆ. ಸಿಲಿಂಡರ್ ನನಗಿಂತ ಚೆನ್ನಾಗಿ ಬದಲಿಸುತ್ತಾಳೆ. ಕೆಲಸಕ್ಕೆ ಎರಡು ಮಾತಿಲ್ಲ. ಆದರೆ ಪ್ರತಿಯೊಂದಕ್ಕೂ ಕೇಳಬೇಕು. ಲೈಟ್ ಹಾಕ್ಲಾ, ನೀರು ಕುಡೀಲಾ, ಈಗ ಮಲಗ್ಲಾ. ಉಳಿದ ಮಕ್ಕಳು ಇವಳಿಗೆ 'ಪರ್ಮಿಶನ್' ಅಂತಲೇ ಹೆಸರಿಟ್ಟಿದ್ದಾರೆ. "ಏ ಪರ್ಮಿಶನ್, ಊಟಕ್ಕೆ ಬಾ." ಇವಳು ಓಗೊಡುತ್ತಾಳೆ ಕೂಡ.

ಮಾರ್ಚ್ 5, ಬುಧವಾರ. ಸಂಜೆ

ಕನ್ನಡಕದ ಅಂಗಡಿಗೆ ಹೋಗಿದ್ದೆ. ಎರಡು ತಿಂಗಳಿಂದ ಇವಳು ಅಲ್ಲಿ ಗಾಜು ಉಜ್ಜುವುದನ್ನು ಕಲಿಯುತ್ತಿದ್ದಾಳೆ. ಕಲಿಸುವ ಹೆಂಗಸನ್ನು ಎಲ್ಲರೂ ಅಕ್ಕ ಅನ್ನುತ್ತಾರೆ. ಮೊಣಕೈವರೆಗೆ ಬಿಳಿ ಪುಡಿ, ಮೆಷಿನ್ನಿನ ಸದ್ದನ್ನು ಮೀರಿಸುವ ಗಂಟಲು. ಮೆಷಿನ್ ನಿಂತಾಗಲೂ ಗಂಟಲು ಇಳಿಯುವುದಿಲ್ಲ.

"ಕೈ ಚೆನ್ನಾಗಿದೆ ರೀ ಹುಡುಗಿದು. ನಾನು ಆರು ತಿಂಗಳಲ್ಲಿ ಕಲ್ತಿದ್ದನ್ನ ಎರಡರಲ್ಲಿ ಕಲ್ತಿದಾಳೆ. ಆದ್ರೆ ಇದೇನ್ರೀ, ಟಾಯ್ಲೆಟ್‌ಗೆ ಹೋಗೋಕೂ ಬಂದು ಕೇಳ್ತಾಳೆ? ಕೂತ್ಕೊಳ್ಳೋಕೆ ಕೇಳ್ತಾಳೆ. ನಾಳೆ ಉಸಿರಾಡ್ಲಾ ಅಂತಾಳೆ!"

"ಮಕ್ಕಳ ಮನೇಲಿ ಬೆಳೆದವಳಲ್ವಾ…"

"ಬೆಳೆದಿದ್ದು ಆಯ್ತಲ್ಲ. ಇನ್ನು ಮುಗೀಲಿ."

ಮಾಲೀಕರು ಕೆಲಸ ಖಾಯಂ ಮಾಡುತ್ತಾರಂತೆ. ಅಂಗಡಿಯ ಹಿಂದಿನ ಬೀದಿಯಲ್ಲಿ ಇಸ್ತ್ರಿ ಅಂಗಡಿ, ಅದರ ಮೇಲೊಂದು ಕೋಣೆ ಖಾಲಿ. ಅಕ್ಕನೇ ಮಾತಾಡಿಟ್ಟಿದ್ದಾಳೆ. ಏಪ್ರಿಲ್ ಹದಿನೈದರವರೆಗೆ ಕಾಯುತ್ತಾರೆ, ಆಮೇಲೆ ಬೇರೆಯವರಿಗೆ. ಕೆಲಸ ಇದೆ, ಕೋಣೆ ಇದೆ. ನನ್ನ ಒಂದು ಸಹಿ ಬೇಕು — 'ಸಿದ್ಧಳಿದ್ದಾಳೆ'. ಸಹಿ ಬೀಳದಿದ್ದರೆ ಇನ್ನೊಂದು ಊರಿನ ಹಾಸ್ಟೆಲ್ಲು, ಎರಡು ವರ್ಷ. ಅಲ್ಲಿ ಕನ್ನಡಕವೂ ಇಲ್ಲ, ಅಕ್ಕನೂ ಇಲ್ಲ.

ಮಾರ್ಚ್ 7, ಶುಕ್ರವಾರ

ಇವತ್ತು ಒಂಬತ್ತು ಸಲ ಫೋನ್. ಒಂಬತ್ತನೆಯದು — "ಮಿಸ್, ಮೊಟ್ಟೆ ಒಡೆದಿದೆ, ಬಿಸಾಕ್ಲಾ?"

ತಲೆ ಕೆಟ್ಟಿತು. ಮೆಟ್ಟಿಲು ಹತ್ತಿ ಹೋಗಿ ಬಾಯಿಗೆ ಬಂದ ಹಾಗೆ ಬೈದೆ. ಹೊರಗಡೆ ಹೋದ ಮೇಲೆ ಯಾರನ್ನ ಕೇಳ್ತೀಯ? ಗೋಡೆನಾ? ಅವಳು ಒಡೆದ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದಳು. ಲೋಳೆ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಕೈ ತೊಳೆಯಲೂ ಕಾಯುತ್ತಿದ್ದಳು, ನನ್ನ ಬೈಗುಳ ಮುಗಿಯಲಿ ಅಂತ.

ಸೋಮವಾರದಿಂದ ಮೌನ ವಾರ. ಇದು ನನ್ನದೇ ಏರ್ಪಾಡು, ಒಂಬತ್ತು ವರ್ಷದಿಂದ ನಡೆಸಿಕೊಂಡು ಬಂದದ್ದು. ಮೂರನೇ ವಾರ ಟ್ರಯಲ್ ಮನೆಯ ಬಾಗಿಲನ್ನು ಯಾರೂ ತಟ್ಟುವ ಹಾಗಿಲ್ಲ, ನಾನು ಫೋನ್ ಮಾಡುವ ಹಾಗಿಲ್ಲ. ಉಳಿದ ಮಕ್ಕಳು ಅದಕ್ಕೆ ಕುಣಿದಾಡುತ್ತಾರೆ. ಇವಳಿಗೆ ಇನ್ನೂ ಬಿಗಿಯಾಗಿ ಹೇಳಿದೆ.

"ಏನೇ ಆಗ್ಲಿ, ನನ್ನ ಕೇಳ್ಬೇಡ. ಯಾರನ್ನೂ ಕೇಳ್ಬೇಡ. ನಿನಗೆ ತೋಚಿದ ಹಾಗೆ ಮಾಡು. ಕೇಳದೆ ಮಾಡಿದ್ದನ್ನ ದಿನಾ ಪುಸ್ತಕದಲ್ಲಿ ಬರೆದಿಡು. ಗೊತ್ತಾಯ್ತಾ?"

"ಗೊತ್ತಾಯ್ತು ಮಿಸ್. ಸೋಮವಾರದಿಂದ್ಲಾ, ಇವತ್ತಿಂದ್ಲಾ?"

ಮಾರ್ಚ್ 12, ಬುಧವಾರ. ಮಧ್ಯಾಹ್ನ, ಊಟದ ಬಿಡುವು

ಬೇರೆ ಊರಿನಲ್ಲಿ ತರಬೇತಿ ಶಿಬಿರ. ನನ್ನಂಥವರು ಮೂವತ್ತು ಜನ, ಮೂವತ್ತು ಚೀಲ, ಮೂವತ್ತು ಪಟ್ಟಿ. ವಿಷಯ — 'ಸ್ವಾವಲಂಬನೆಯತ್ತ'. ಫ್ಯಾನಿನ ಸದ್ದಿನಲ್ಲಿ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ಗೊತ್ತಿರುವುದೇ.

ಪರ್ಮಿಶನ್ನಿನಿಂದ ಮೂರು ದಿನಕ್ಕೆ ಒಂದೂ ಫೋನ್ ಇಲ್ಲ! ಎರಡು ಸಲ ಫೋನ್ ಕೆಟ್ಟಿದೆಯೇ ಅಂತ ನೋಡಿದೆ. ಕೆಟ್ಟಿಲ್ಲ. ಮಾತಾಡುವ ಸರದಿ ಬಂದಾಗ ಇವಳ ಕಥೆ ಹೇಳಿದೆ. ಒಡೆದ ಮೊಟ್ಟೆ, ಮೌನ ವಾರ, ಈಗಿನ ಈ ನಿಶ್ಶಬ್ದ. ಚಪ್ಪಾಳೆ ತಟ್ಟಿದರು. ಒಬ್ಬರು ಮೌನ ವಾರದ ನಿಯಮಗಳನ್ನು ಬರೆದುಕೊಂಡರು.

ಮಾರ್ಚ್ 14, ಶುಕ್ರವಾರ. ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಬೆಳಿಗ್ಗೆ ಹನ್ನೊಂದಕ್ಕೆ ಆಫೀಸಿನಿಂದ ಫೋನ್. ನಿನ್ನೆ ಪರ್ಮಿಶನ್ ಕೆಂಪಾದ ಕಣ್ಣಲ್ಲೇ ಕೆಲಸಕ್ಕೆ ಹೋಗಿದ್ದಾಳೆ. ಇವತ್ತು ಹೋಗಿಲ್ಲ. ಕನ್ನಡಕದ ಅಕ್ಕ ಅಂಗಡಿ ಬಿಟ್ಟು ನಮ್ಮ ಗೇಟಿಗೆ ಬಂದಿದ್ದಾಳೆ. ಮೌನ ವಾರ, ಬಾಗಿಲು ತಟ್ಟಬಾರದು ಎಂದಿದ್ದಾನೆ ವಾಚ್‌ಮನ್. ನಾನೇ ಹೇಳಿಟ್ಟಿದ್ದು. ಅಕ್ಕ ಅವನನ್ನು ತಳ್ಳಿಕೊಂಡು ಮೇಲೆ ಹತ್ತಿದ್ದಾಳೆ. ಬಾಗಿಲು ತೆಗೆದವಳು ಅಲ್ಲೇ ನೆಲದ ಮೇಲೆ ಕುಸಿದಳಂತೆ.

ಜ್ವರ ನೂರಾನಾಲ್ಕು. ಮೂರನೇ ದಿನವಂತೆ. ಬುಧವಾರದಿಂದ. ಬುಧವಾರ ನಾನು ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದೆ.

ಮಾರ್ಚ್ 15, ಶನಿವಾರ. ಆಸ್ಪತ್ರೆ

ಶ್ವಾಸಕೋಶಕ್ಕೆ ಸೋಂಕು. ಇನ್ನೆರಡು ದಿನ ತಡವಾಗಿದ್ದರೆ ಅಂದರು ಡಾಕ್ಟರು, ವಾಕ್ಯ ಮುಗಿಸಲಿಲ್ಲ.

ಬಟ್ಟೆ ತರಲು ಟ್ರಯಲ್ ಮನೆಗೆ ಹೋದೆ. ಪುಸ್ತಕ ಮೇಜಿನ ಮೇಲೇ ಇತ್ತು. ದುಂಡಗಿನ ಅಕ್ಷರ.

'ಸೋಮವಾರ — ಎರಡೂ ಕಿಟಕಿ ತೆಗೆದೆ. ಕೇಳಿಲ್ಲ.
ಮಂಗಳವಾರ — ಹಳೇ ಬ್ರೆಡ್ ಬಿಸಾಕಿದೆ. ಕೇಳಿಲ್ಲ.
ಬುಧವಾರ — ಜ್ವರ. ಕೇಳಿಲ್ಲ.
ಗುರುವಾರ — ಜ್ವರ ಜಾಸ್ತಿ. ಕೇಳಿಲ್ಲ.'

ಅಲ್ಲೇ ಮಂಚದ ಮೇಲೆ ಕೂತುಬಿಟ್ಟೆ.

ಸಂಜೆ ಅವಳಿಗೆ ಸ್ವಲ್ಪ ಗೆಲುವು ಬಂದಿತ್ತು. ಹೋದವಳೇ ಬೈಯಲು ಶುರು ಮಾಡಿದೆ. ನನಗೆ ಹೆದರಿಕೆಯಾದಾಗ ಬರುವುದು ಬೈಗುಳವೇ. "ಒಂದು ಫೋನ್ ಮಾಡೋಕೆ ಏನಾಗಿತ್ತು? ಸತ್ತೇ ಹೋಗ್ತಿದ್ಯಲ್ಲೇ!"

ಗ್ಲೂಕೋಸ್ ಹಾಕಿದ ಕೈಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. "ನೀವೇ ಕೇಳ್ಬೇಡ ಅಂದ್ರಿ. ಕೇಳ್ಲಿಲ್ಲ. ಈಗ ಯಾಕೆ ಕೇಳ್ಲಿಲ್ಲ ಅಂತೀರಿ. ಯಾವುದು ಸರಿ ಅಂತ ಒಂದೇ ಸಲ ಹೇಳಿ ಮಿಸ್."

ಕಿತ್ತಳೆ ಸುಲಿದು ಕೊಟ್ಟು ಬಂದೆ.

ಮಾರ್ಚ್ 18, ಮಂಗಳವಾರ

ಡಿಸ್ಚಾರ್ಜ್. ನಿಯಮದ ಪ್ರಕಾರ ಐದು ದಿನ ಇಲ್ಲಿನ ಸಿಕ್ ರೂಮಿನಲ್ಲಿ ಇರಬೇಕು. ಆಫೀಸಿನ ವ್ಯಾನಿನಲ್ಲಿ ಕರೆತಂದೆ, ಟ್ರಯಲ್ ಮನೆಯಲ್ಲಿದ್ದ ಅವಳ ಚೀಲವನ್ನೂ ಕೆಳಗೆ ತರಿಸಿದೆ. ಚೀಲ ನೋಡಿದಾಗ ಮುಖ ಒಂಥರಾ ಆಯಿತು. ಕೇಳಿದರೆ ಏನಿಲ್ಲ ಎಂದಳು.

ಮಧ್ಯಾಹ್ನ ಸೂಪರಿಂಟೆಂಡೆಂಟರ ಮುಂದೆ ಫೈಲು.

"ಶಭಾಷ್! ಕಾಯಿಲೇನ ಯಾರ ಸಹಾಯಾನೂ ಇಲ್ದೆ ಮೂರು ದಿನ ನಿಭಾಯಿಸಿದಾಳೆ. ನಲವತ್ತನಾಲ್ಕನೇ ಅಂಶಕ್ಕೆ ಟಿಕ್ ಹಾಕಿ."

"ಸರ್, ಅವಳು ಸಾಯ್ತಿದ್ಲು."

"ಸಾಯ್ಲಿಲ್ವಲ್ಲ. ಯಾರಿಗೂ ತೊಂದರೆ ಕೊಡ್ಲಿಲ್ಲ. ಅದೇ ತಾನೇ ಸ್ವಾವಲಂಬನೆ?"

"ಯಾರನ್ನಾದ್ರೂ ಕರೀಬೇಕಿತ್ತು ಸರ್. ಅದನ್ನ ಪಟ್ಟಿಗೆ ಸೇರಿಸೋಣ. ಕಷ್ಟ ಬಂದಾಗ ಕರೀತಾಳಾ ಇಲ್ವಾ ಅಂತ."

"ಫಾರಂ ಅಚ್ಚಾಗಿ ಬಂದಿದೆ ಮೇಡಂ. ನಲವತ್ತೆಂಟು ಅಂದ್ರೆ ನಲವತ್ತೆಂಟು."

ಒಳ್ಳೆಯ ಮನುಷ್ಯನೇ. ಆದರೂ ಇವತ್ತು ಅವರ ಮೇಜಿನ ಮೇಲಿದ್ದ ಪೇಪರ್‌ವೇಟ್ ನೋಡಿದಾಗ ಕೆಟ್ಟ ಯೋಚನೆ ಬಂತು.

ಮಾರ್ಚ್ 20, ಗುರುವಾರ

ಖಾಲಿ ಹಾಳೆ ಕೊಟ್ಟೆ. ಕಷ್ಟ ಬಂದರೆ ಕರೆಯುವ ಮೂವರ ಹೆಸರು, ನಂಬರು ಬರಿ ಎಂದೆ. ಪಟಪಟ ಬರೆದುಕೊಟ್ಟಳು. ಆಂಬುಲೆನ್ಸ್. ಪೊಲೀಸ್. ಅಗ್ನಿಶಾಮಕ.

ನಗು ಬಂತು. ಅವಳು ನಗಲಿಲ್ಲ. ನನ್ನ ನಗುವೂ ಅಲ್ಲೇ ಸತ್ತಿತು.

"ಮನುಷ್ಯರ ಹೆಸರು ಬರಿಯೇ."

ಮುಕ್ಕಾಲು ಗಂಟೆ ಕೂತಳು. ಪೆನ್ನಿನ ಕ್ಯಾಪ್ ತೆಗೆಯುವುದು, ಹಾಕುವುದು. ಕೊನೆಗೆ ನನ್ನ ಹೆಸರು, ಹುದ್ದೆ, ಆಫೀಸ್ ನಂಬರು. ಕೆಳಗೆ ಎರಡು ಗೆರೆ ಖಾಲಿ.

"ಹನ್ನೆರಡನೇ ತಾರೀಕು ಆದ್ಮೇಲೆ ಇದೂ ಇರಲ್ಲ ಅಲ್ವಾ ಮಿಸ್? ಫೈಲ್ ಕ್ಲೋಸ್ ಆಗುತ್ತಲ್ಲ."

ಮಾರ್ಚ್ 24, ಸೋಮವಾರ. ಬೆಳಿಗ್ಗೆ

ತಂಗಿಯ ಫೋನ್. ಹಾಲ್ ಕಿಟಕಿಗೆ ಪರದೆ ನೀಲಿ ತಗೊಳ್ಳಲೋ ಹಸಿರೋ ಅಂತ. ಅಂಗಡಿಯಲ್ಲೇ ನಿಂತು ಕೇಳುತ್ತಿದ್ದಾಳೆ. ನೀಲಿ ಎಂದೆ. "ಹಸಿರು ಚೆನ್ನಾಗಿದೆ ಕಣೇ" ಅಂತ ಹಸಿರೇ ತಗೊಂಡಳು. ಮತ್ತೆ ಕೇಳಿದ್ದು ಯಾಕೋ!

ನಲವತ್ತನಾಲ್ಕು ವರ್ಷ ಇವಳಿಗೆ. ಎರಡು ಮಕ್ಕಳ ತಾಯಿ, ಬ್ಯಾಂಕಿನಲ್ಲಿ ಆಫೀಸರು. ನೆಗಡಿಯಾದರೆ ಫೋನ್. ಗಂಡ ಸಿಡುಕಿದರೆ ಫೋನ್. ಮಗಳ ಜಡೆ ಕತ್ತರಿಸಲೋ ಬೇಡವೋ, ಫೋನ್. ಇವಳು ಸ್ವಾವಲಂಬಿಯಲ್ಲ ಅಂತ ಯಾರೂ ವರದಿ ಬರೆದಿಲ್ಲ. ಇವಳನ್ನು ಎರಡು ಕೋಣೆಯಲ್ಲಿ ಹಾಕಿ ಬೀಗದ ಕೈ ಕೊಟ್ಟು, ಯಾರನ್ನೂ ಕೇಳಬೇಡ ಅಂತ ಯಾರೂ ಹೇಳಿಲ್ಲ.

ಒಂಬತ್ತು ವರ್ಷ ಎಷ್ಟು ಮಕ್ಕಳಿಗೆ ಏನು ಕಲಿಸಿದೆನೋ ನಾನು. ಕೂತು ಎಣಿಸಿದರೆ ಮೂವತ್ತೊಂದು. ಅವರಲ್ಲಿ ಹೋದ ಮೇಲೆ ಫೋನ್ ಮಾಡಿದವರು ನಾಲ್ಕು ಜನ. ನೆಟ್ಟಗೆ ಬದುಕುತ್ತಿದ್ದಾರೆ, ಅದಕ್ಕೇ ಮಾಡುತ್ತಿಲ್ಲ ಅಂದುಕೊಂಡಿದ್ದೆ.

ಮಾರ್ಚ್ 27, ಗುರುವಾರ. ಸಂಜೆ 6

ಇದನ್ನು ಸರಿಯಾಗಿ ಬರೆದಿಡಬೇಕು.

ಅವಳು ಮತ್ತೆ ಟ್ರಯಲ್ ಮನೆಯಲ್ಲಿದ್ದಾಳೆ. ಫೋನ್ ಅಭ್ಯಾಸ ಮಾಡಿಸಿದೆ. ಅವಳು ಅಡುಗೆ ಕೋಣೆಯಲ್ಲಿ, ನಾನು ಹೊರಗೆ ಮೆಟ್ಟಿಲ ಮೇಲೆ. ಜ್ವರ ಬಂದಿದೆ ಅಂದ್ಕೋ, ಮಾಡು ಎಂದೆ.

"ನಮಸ್ಕಾರ ಮಿಸ್. ನನಗೆ ಜ್ವರ ಬಂದಿದೆ. ದಯವಿಟ್ಟು ಬನ್ನಿ."

ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ. ಮೂರು ಸಲ ಮಾಡಿಸಿದೆ, ಮೂರು ಸಲವೂ ಒಂದೇ ರಾಗ. ಒಳಗೆ ಹೋಗಿ ಎದುರು ಕೂತೆ. "ನಿಜ ಹೇಳು. ನಾಳೆ ನಿಜವಾಗ್ಲೂ ಜ್ವರ ಬಂದ್ರೆ ಮಾಡ್ತೀಯಾ?"

"ಇಲ್ಲ ಮಿಸ್."

"ಯಾಕೆ?"

ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟಳು. ಆಮೇಲೆ ಎಷ್ಟು ಸಾದಾ ಆಗಿ ಹೇಳಿದಳೆಂದರೆ, ಬಸ್ಸಿನ ಸಮಯ ಹೇಳಿದ ಹಾಗೆ. "ಫೋನ್ ಮಾಡಿದ್ರೆ ಗಾಡಿ ಬರುತ್ತೆ."

ಇವಳನ್ನು ಎರಡು ಸಾಕುಮನೆಗೆ ಕೊಟ್ಟಿದ್ದೆವು, ಎರಡರಿಂದಲೂ ವಾಪಸ್ ಬಂದವಳು. ಫೈಲಿನಲ್ಲಿ 'ಹೊಂದಾಣಿಕೆಯಾಗಲಿಲ್ಲ' ಅಂತ ಇದೆ. ಮೊದಲನೆಯದರಲ್ಲಿದ್ದಾಗ ಇವಳಿಗೆ ಏಳು ವರ್ಷ. ವಾರಕ್ಕೊಮ್ಮೆ ಆಫೀಸಿನಿಂದ ವಿಚಾರಿಸಲು ಫೋನ್ ಬರುತ್ತಿತ್ತು. ಒಂದು ಸಲ, ಹೊಟ್ಟೆನೋವು ಅಂದಳು. ಮಾರನೇ ದಿನ ವ್ಯಾನು ಬಂತು. ಚೀಲ ಆಗಲೇ ಬಾಗಿಲಲ್ಲಿತ್ತು. ಎರಡನೆಯದರಲ್ಲಿದ್ದಾಗ ಹನ್ನೆರಡು. ಆ ಮನೆಯ ಅಜ್ಜಿ ಬೈದರು ಅಂತ ತಾನೇ ಫೋನ್ ಮಾಡಿ ಅತ್ತಳು. "ಬೈದಿದ್ದು ಅಷ್ಟೇ ಮಿಸ್. ಆಮೇಲೆ ಅವರೇ ತಲೆ ಬಾಚಿದ್ರು. ಆದ್ರೆ ಗಾಡಿ ಬಂತು." ನಮ್ಮವರೇ ಹೋಗಿದ್ದು. ನಮ್ಮ ಲೆಕ್ಕದಲ್ಲಿ ಅದು ಕಾಪಾಡಿದ್ದು.

"ಹಾಗಾದ್ರೆ ದಿನಕ್ಕೆ ಒಂಬತ್ತು ಸಲ ಫೋನ್ ಮಾಡಿ ತಲೆ ತಿಂತಿದ್ಯಲ್ಲ?"

"ಅದು ಕಿಟಕಿ, ಮೊಟ್ಟೆ ಮಿಸ್. ಸಣ್ಣದು ಕೇಳಿದ್ರೆ ಒಳ್ಳೆ ಹುಡುಗಿ ಅಂತಾರೆ. ದೊಡ್ಡದು ಹೇಳಿದ್ರೆ ಗಾಡಿ. ಈ ಸಲಾನೂ ಬಂತಲ್ಲ."

ಹೌದು. ಈ ಸಲ ತಂದವಳು ನಾನೇ. ಚೀಲ ಇಳಿಸಿದವಳೂ ನಾನೇ.

ಏಪ್ರಿಲ್ 2, ಬುಧವಾರ

ಫಾರಂ ಮೇಜಿನ ಮೇಲಿದೆ. ನಲವತ್ತೆಂಟು ಟಿಕ್. ಕೊನೆಯಲ್ಲಿ ಎರಡು ಚೌಕ — ಸಿದ್ಧಳಿದ್ದಾಳೆ, ಸಿದ್ಧಳಿಲ್ಲ.

ಸಿದ್ಧಳಿಲ್ಲ ಎಂದರೆ ವ್ಯಾನು. ಸಿದ್ಧಳಿದ್ದಾಳೆ ಎಂದರೆ ಇಸ್ತ್ರಿ ಅಂಗಡಿಯ ಮೇಲೆ ಒಂದು ಕೋಣೆ, ಒಳಗಿನಿಂದ ಚಿಲಕ, ಜ್ವರ. ಯಾವ ಚೌಕಕ್ಕೆ ಹಾಕಲಿ? ಯಾರನ್ನಾದರೂ ಕೇಳೋಣ ಅನ್ನಿಸಿತು. ತಂಗಿಗೆ ಫೋನ್ ಮಾಡಿದೆ. ಎಂಗೇಜ್. ಸಿಟ್ಟಿನಲ್ಲಿ ಫೈಲು ಮುಚ್ಚಿ ಡ್ರಾಯರಿಗೆ ಎಸೆದೆ.

ಏಪ್ರಿಲ್ 7, ಸೋಮವಾರ

ಸಹಿ ಹಾಕಿದೆ. ಸಿದ್ಧಳಿದ್ದಾಳೆ.

ಅಂಚಿನಲ್ಲಿ ಕೈಬರಹದಲ್ಲಿ ಬರೆದೆ: 'ಕಷ್ಟದಲ್ಲಿ ಒಬ್ಬರನ್ನಾದರೂ ಕರೆಯುತ್ತಾಳೆಯೇ? ಗೊತ್ತಿಲ್ಲ. ಇದನ್ನು ನಾವು ಕಲಿಸಿಲ್ಲ. ಕಲಿಯದಂತೆ ಮಾಡಿದವರು ನಾವೇ.' ಸೂಪರಿಂಟೆಂಡೆಂಟರು ವೈಟ್ನರ್ ತೆಗೆದರು. ತೆಗೆಯಿರಿ ಸರ್, ಹಚ್ಚಿ, ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ ಎಂದೆ. ವೈಟ್ನರನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಪ್ರತಿ ಏನೂ ಇಲ್ಲ. ಸುಳ್ಳು.

ಏಪ್ರಿಲ್ 12, ಶನಿವಾರ

ಹೋದಳು. ಸಾಮಾನು ಸಾಗಿಸಲು ವ್ಯಾನು ಗೇಟಿನಲ್ಲಿ ನಿಂತಿತ್ತು. ಅದನ್ನು ನೋಡಿ ಅವಳ ಕಾಲು ಅಲ್ಲೇ ನಿಂತಿತು. ಡ್ರೈವರಿಗೆ ಹೋಗಪ್ಪ ಎಂದೆ. ಇಬ್ಬರೂ ಎರಡು ಚೀಲ, ಒಂದು ಬಕೆಟ್, ಸುತ್ತಿದ ಹಾಸಿಗೆ ಹಿಡಿದು ಸಿಟಿ ಬಸ್ ಹತ್ತಿದೆವು. ಕಂಡಕ್ಟರ್ ಬಕೆಟ್ಟಿಗೂ ಟಿಕೆಟ್ ಅಂದ. ಜಗಳ ಆಡಿದೆ. ಯಾರ ಮೇಲಾದರೂ ಕೂಗಾಡಬೇಕಿತ್ತು.

ಮೆಟ್ಟಿಲ ಬುಡದಲ್ಲಿ ಚೀಟಿ ಕೊಟ್ಟೆ. "ಇದು ಆಫೀಸಿಂದಲ್ಲ. ನನ್ನ ಸ್ವಂತ ನಂಬರು. ಯಾವ ಹೊತ್ತಿಗಾದ್ರೂ ಮಾಡು."

ಚೀಟಿಯನ್ನೂ ನನ್ನನ್ನೂ ನೋಡಿದಳು. "ಗಾಡಿ?"

"ನನ್ನ ಹತ್ರ ಸೈಕಲ್ಲೂ ಇಲ್ಲ ಕಣೇ."

ನಕ್ಕಳು. ಚೀಟಿ ಮಡಿಸಿ ಪರ್ಸಿಗೆ ಹಾಕಿದಳು. ಹಿಂದಿನಿಂದ ಅಕ್ಕನ ಗಂಟಲು — "ಅಲ್ಲೇನು ನಿಂತ್ಕೊಂಡು ಹರಟೆ, ಹಾಸಿಗೆ ಹತ್ತಿಸೋರು ಯಾರು?"

ಏಪ್ರಿಲ್ 20, ಭಾನುವಾರ

ಫೋನ್ ಇಲ್ಲ. ಎಂಟು ದಿನ.

ಏಪ್ರಿಲ್ 29, ಮಂಗಳವಾರ

ಇಲ್ಲ. ನಾನೇ ಮಾಡಿದೆ. "ಚೆನ್ನಾಗಿದೀನಿ ಮಿಸ್." ಬುಧವಾರದ ಜ್ವರದಲ್ಲೂ ಇವಳ ದನಿ ಹೀಗೇ ಇದ್ದಿರಬೇಕು. ನಂಬುವುದು ಹೇಗೆ?

ಮೇ 8, ಗುರುವಾರ

ಹೊಸ ಹುಡುಗ ಟ್ರಯಲ್ ಮನೆಗೆ ಬಂದಿದ್ದಾನೆ. ಮೌನ ವಾರ ಯಾವಾಗ ಮಿಸ್ ಅಂತ ಆಸೆಯಿಂದ ಕೇಳಿದ. ಅದನ್ನು ತೆಗೆದುಹಾಕಿದ್ದೇವೆ ಎಂದೆ. ಅವನಿಗೆ ಬೇಸರ. ಹಾಳಾಗಿ ಹೋಗಲಿ.

ಅವಳಿಂದ ಫೋನ್ ಇಲ್ಲ.

ಮೇ 17, ಶನಿವಾರ. ಸಂಜೆ 5

ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಇನ್ನೊಂದು ತಿಂಗಳು ತಡೆಯುತ್ತಿತ್ತು, ಇರಲಿ. ಅದೇ ನೆಪದಲ್ಲಿ ಅಂಗಡಿಗೆ ಹೋದೆ.

ಅಕ್ಕ ನನ್ನನ್ನು ಕಂಡವಳೇ ಮೆಷಿನ್ ನಿಲ್ಲಿಸಿದಳು. "ಬನ್ನಿ, ನಿಮ್ಮ ಹುಡುಗಿ ಕಥೆ ಕೇಳಿ! ಹೋದ ಮಂಗಳವಾರ ಬೆಳಿಗ್ಗೆ ಆರಕ್ಕೆ ಫೋನು. ಹಲೋ ಇಲ್ಲ, ನಮಸ್ಕಾರ ಇಲ್ಲ. ಅಕ್ಕಾ ಬಾ, ನಲ್ಲಿ ಕಿತ್ಕೊಂಡು ಬಂದಿದೆ, ನನ್ ಕೈಲಿ ಆಗಲ್ಲ, ಬೇಗ ಬಾ ಅಂತ ಅರಚಿದ್ಲು. ನೈಟಿ ಮೇಲೆ ಶಾಲು ಹಾಕ್ಕೊಂಡು ಓಡಿದೆ. ನೀರು ಪಾದ ಮುಚ್ಚೋ ಅಷ್ಟು. ಕೆಳಗೆ ಇಸ್ತ್ರಿ ಬಟ್ಟೆ ಎಲ್ಲ ಒದ್ದೆ. ಮನೆ ಮಾಲೀಕ ಬಂದು ಕೋಣೆ ಖಾಲಿ ಮಾಡು ಅಂದ. ಇವಳು ಕದಲಲಿಲ್ಲ ರೀ! ನಲ್ಲಿ ನಿಮ್ದು, ತುಕ್ಕು ನಿಮ್ದು, ನಾನ್ಯಾಕೆ ಹೋಗ್ಲಿ, ಹೋಗಲ್ಲ ಅಂದ್ಲು."

ಪರ್ಮಿಶನ್ ಒಳಗಿನ ಸ್ಟೂಲಿನ ಮೇಲೆ ಕೂತಿದ್ದಳು. ಎದ್ದು ಬಂದು, ನನ್ನ ಮುಖದಿಂದ ಕನ್ನಡಕವನ್ನು ತಾನೇ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಮುಖ ತುಂಬಿಕೊಂಡಿದೆ. ಕೆನ್ನೆಯ ಮೇಲೆ ಬಿಳಿ ಪುಡಿ.

"ನನಗ್ಯಾಕೆ ಹೇಳ್ಲಿಲ್ಲ?" ಎಂದೆ. ದನಿ ಸ್ವಲ್ಪ ಜೋರಾಯಿತು ಅಂತ ಕಾಣುತ್ತದೆ.

"ನಿಮಗೂ ಮಾಡೋಣ ಅಂದ್ಕೊಂಡೆ ಮಿಸ್. ಅಷ್ಟರಲ್ಲಿ ಅಕ್ಕ ಬಂದ್ರು." ಸ್ಕ್ರೂ ಬಿಗಿಸುತ್ತಲೇ ಹೇಳಿದಳು. "ಆಮೇಲೆ ಬೇಕಾಗ್ಲಿಲ್ಲ."

ಕನ್ನಡಕ ಹಾಕಿ ಕಳಿಸಿದಳು. ಬಾಗಿಲವರೆಗೆ ಬರಲಿಲ್ಲ, ಗಿರಾಕಿ ಇದ್ದರು.

ಇದೇ ತಾನೇ ನಾನು ಬಯಸಿದ್ದು. ಇದಕ್ಕೇ ತಾನೇ ವೈಟ್ನರಿನ ಜೊತೆ ಜಗಳ ಆಡಿದ್ದು. ಕರೆದಳು, ಅರಚಿ ಕರೆದಳು, ಸರಿಯಾದವರನ್ನೇ ಕರೆದಳು. ಎರಡು ಬೀದಿ ಆಚೆ ಇರುವವರನ್ನು ಬಿಟ್ಟು ಊರಾಚೆಯ ನನ್ನನ್ನು ಕರೆಯುತ್ತಾರೆಯೇ ಯಾರಾದರೂ? ಖುಷಿಯಾಗಿದೆ. ನಿಜವಾಗಿಯೂ ಆಗಿದೆ. ಬಸ್ಸಿನಲ್ಲಿ ಕಣ್ಣಲ್ಲಿ ನೀರು ಬಂತು, ಅದೂ ಖುಷಿಗೇ ಇರಬೇಕು.

ಆದರೂ ಎಲ್ಲ ಮುಗಿದ ಮೇಲಾದರೂ, ನೆಲ ಒರೆಸಿ ಕೂತ ಮೇಲಾದರೂ, ಸುಮ್ಮನೆ ಹೀಗಾಯ್ತು ಮಿಸ್ ಅಂತ ನನಗೊಂದು ಫೋನ್ ಮಾಡಬಹುದಿತ್ತಲ್ಲ.